ಅಪ್‌ಡೇಟ್: ಘಾಟಿ ರೈಲು ಮಾಡೆಲ್‌ಗೆ ಹಂಚಿನ ಮಾಡು ಕೂತಿತು

ಹೋದ ತಿಂಗಳು ನಿಮ್ಮನ್ನು ಕೇಳಿದ್ದೆ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ರೈಲು ದಾರಿಯ ಮಾಡೆಲ್ ಕಟ್ಟುತ್ತಿದ್ದೇನೆ, ಎಚ್‌ಒ ಸ್ಕೇಲ್, ಅಂದರೆ 1:87, ಅಸಲಿಯ 87ನೇ ಒಂದು ಅಳತೆ. ಅದರಲ್ಲಿನ ಮನೆಯ ಮಂಗಳೂರು ಹಂಚಿನ ಮಾಡು ರಟ್ಟಿನ ಹಾಗೇ ಕಾಣುತ್ತದೆ, ಏನು ಮಾಡಲಿ ಅಂತ.

ಬಾಚಣಿಗೆ ಉಪಾಯ ಹೇಳಿದವರಿಗೆ ದೊಡ್ಡ ನಮಸ್ಕಾರ! ತೆಳು ಕಾಗದವನ್ನು ಬಾಚಣಿಗೆಯ ಹಲ್ಲಿನ ಮೇಲಿಟ್ಟು ಉಗುರಿನಿಂದ ಒತ್ತಿದೆ. ಗೆರೆ ಮೂಡಿತು. ಅದನ್ನು ಐದೈದು ಮಿ.ಮೀ. ಪಟ್ಟಿಯಾಗಿ ಕತ್ತರಿಸಿ, ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಸ್ವಲ್ಪ ಏರಿಸಿ ಅಂಟಿಸಿದೆ. ಬಣ್ಣ ಒಂದೇ ಸಮ ಬಳಿಯಲಿಲ್ಲ. ಅಲ್ಲಲ್ಲಿ ಎರಡು ಹಂಚು ಹೊಸದು, ಉಳಿದದ್ದು ಪಾಚಿ ಹಿಡಿದು ಕಪ್ಪು. ಮಳೆಗಾಲ ಕಂಡ ಮನೆ ಅಂದ್ರೆ ಹಾಗೇ ಅಲ್ವಾ?

ಮಣ್ಣಿನದ್ದು ಮಾತ್ರ ಫಜೀತಿ. ಊರಿನಿಂದ ತಂದ ಕೆಂಪು ಮಣ್ಣನ್ನು ಸುಮ್ನೆ ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕೂರಿಸಿದ್ದೆ. ಒಂದು ವಾರಕ್ಕೆ ಸುರಂಗದ ಬಾಯಲ್ಲಿ ಹುಲ್ಲು ಮೊಳೆಯಿತು! ನಿಜವಾದ ಹುಲ್ಲು. ಈ ಸಲ ಮಣ್ಣನ್ನು ಬಾಣಲೆಯಲ್ಲಿ ಹುರಿದು, ಮೇಲೆ ಅಯಸ್ಕಾಂತ ಆಡಿಸಿದೆ. ಕಬ್ಬಿಣದ ಪುಡಿ ಎಷ್ಟು ಅಂಟಿತು ಅಂತೀರಿ! ಎಂಜಿನ್ ಮೋಟರಿಗೆ ಹೋಗಿದ್ದರೆ ಕತೆ ಮುಗಿಯುತ್ತಿತ್ತು.

ಅಡಿಕೆ ಮರಕ್ಕೆ ಹಿಡಿಸೂಡಿ ಕಡ್ಡಿ, 17 ಸೆಂ.ಮೀ. ಎತ್ತರ. ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ.ದ್ದೇ ಇದೆ, ನಮ್ಮ ಬ್ರಾಡ್‌ಗೇಜ್‌ಗೆ ಲೆಕ್ಕದ ಪ್ರಕಾರ 19 ದಾಟಬೇಕು. ಅದನ್ನು ಕೆದಕುವುದಿಲ್ಲ. ಅಸಲಿ ಘಾಟಿಯಲ್ಲಿ 57 ಸುರಂಗ, ನನ್ನ ಮೇಜಿನ ಮೇಲೆ ಎರಡು. ಮುಂದಿನದು ಸೇತುವೆ.