ಹೈಡೆಗರ್, ಬುಲ್ಟ್‌ಮನ್ ಮೇಲೆ ಪಿಎಚ್‌ಡಿ: ತತ್ತ್ವಶಾಸ್ತ್ರ ವಿಭಾಗವೋ, ಥಿಯಾಲಜಿ ಕಾಲೇಜೋ?

ಪ್ರಶ್ನೆ:
ತತ್ತ್ವಶಾಸ್ತ್ರದಲ್ಲಿ ಎಂ.ಎ. ಆಗಿದೆ. ತತ್ತ್ವಜ್ಞಾನಿ ಹೈಡೆಗರ್, ದೈವಶಾಸ್ತ್ರಜ್ಞ ಬುಲ್ಟ್‌ಮನ್ ಎಂಬ ಇಬ್ಬರು ಜರ್ಮನ್ನರನ್ನು ಇಟ್ಟುಕೊಂಡು, ಅಸ್ತಿತ್ವವಾದಕ್ಕೂ (ಮನುಷ್ಯನ ಇರವನ್ನೇ ಕೇಂದ್ರವಾಗಿಟ್ಟ ಚಿಂತನೆ) ಕ್ರೈಸ್ತ ದೈವಶಾಸ್ತ್ರಕ್ಕೂ ಇರುವ ನಂಟಿನ ಮೇಲೆ ಸಂಶೋಧನೆ ಮಾಡಿ, ಮುಂದೆ ಅದನ್ನೇ ಪಾಠ ಹೇಳಬೇಕೆಂದಿದ್ದೇನೆ. ಎಲ್ಲಿ ಸೇರುವುದು ಸರಿ? ಜರ್ಮನ್ ಬಾರದೆ ನಡೆಯುತ್ತದೆಯೇ?

ಉತ್ತರ 1:
ಮೊದಲು ಎಲ್ಲಿ ಪಾಠ ಹೇಳಬೇಕು ಅನ್ನುವುದನ್ನು ತೀರ್ಮಾನಿಸಿ. ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಪಾಠ ಹೇಳಲು ಬರೆಯುವ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಥಿಯಾಲಜಿ (ದೈವಶಾಸ್ತ್ರ) ಎಂಬ ವಿಷಯವೇ ಇಲ್ಲ. ತತ್ತ್ವಶಾಸ್ತ್ರದಲ್ಲೋ ಧರ್ಮಗಳ ತೌಲನಿಕ ಅಧ್ಯಯನದಲ್ಲೋ ಬರೆಯಬೇಕು. ಸೆಮಿನರಿಯ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಥಿಯಾಲಜಿ ಕಾಲೇಜಿನ, ದಾರಿ ಬೇರೆ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಂತಹ ಸೆರಾಂಪುರ ಸೆನೆಟ್‌ನ (ಥಿಯಾಲಜಿ ಪದವಿಗಳನ್ನು ಕೊಡುವ ಸಂಸ್ಥೆ) ಕಾಲೇಜುಗಳಲ್ಲಿ ಬಿ.ಡಿ. (ದೈವಶಾಸ್ತ್ರದ ಪದವಿ) ಮುಗಿಸಿಯೇ ಎಂ.ಟಿಎಚ್.ಗೆ (ಅದರ ಸ್ನಾತಕೋತ್ತರ ಪದವಿ) ಹೋಗುವುದು ವಾಡಿಕೆ. ನಿಮಗೆ ಎಂ.ಎ. ಇದ್ದರೂ ಬಿ.ಡಿ.ಯ ವರ್ಷಗಳು ಉಳಿತಾಯವಾಗುವುದಿಲ್ಲ.

ತತ್ತ್ವಶಾಸ್ತ್ರ, ದೈವಶಾಸ್ತ್ರ ಎರಡೂ ಕಡೆ ಗಟ್ಟಿಯಾಗಿ ನಿಂತವರು ಸ್ಕಾಟ್ಲೆಂಡಿನ ದೈವಶಾಸ್ತ್ರಜ್ಞ ಜಾನ್ ಮ್ಯಾಕ್ವಾರಿ. ಗ್ಲಾಸ್ಗೋದಲ್ಲಿ 1940ಕ್ಕೆ ತತ್ತ್ವಶಾಸ್ತ್ರದ ಎಂ.ಎ., 1943ಕ್ಕೆ ಬಿ.ಡಿ., 1954ಕ್ಕೆ ಪಿಎಚ್‌ಡಿ. ಆಮೇಲೆ 1962ರಿಂದ ನ್ಯೂಯಾರ್ಕಿನ ಯೂನಿಯನ್ ಸೆಮಿನರಿ, 1970ರಿಂದ 1986ರವರೆಗೆ ಆಕ್ಸ್‌ಫರ್ಡ್. ಎರಡು ಶಿಸ್ತುಗಳಲ್ಲಿ ಯಾವುದನ್ನೂ ಅವರು ಅರ್ಧಕ್ಕೆ ಬಿಡಲಿಲ್ಲ.

ಉತ್ತರ 2:
ಮೇಲಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. 'ಹೈಡೆಗರ್ ಮತ್ತು ಬುಲ್ಟ್‌ಮನ್: ತೌಲನಿಕ ಅಧ್ಯಯನ' ಎಂದು ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಕೊಡಬೇಡಿ. ಅದನ್ನು ಮ್ಯಾಕ್ವಾರಿಯೇ 1955ರ ಪುಸ್ತಕದಲ್ಲಿ ಮಾಡಿ ಮುಗಿಸಿದ್ದಾರೆ. ಪ್ರಶ್ನೆ ಕಿರಿದಾಗಿರಲಿ.

ಒಂದು ಉದಾಹರಣೆ. ಇಬ್ಬರೂ ಮಾರ್ಬುರ್ಗ್‌ನಲ್ಲಿ ಸಹೋದ್ಯೋಗಿಗಳಾಗಿದ್ದಾಗ, 1927ರಲ್ಲಿ ಹೈಡೆಗರ್ 'ವಿದ್ಯಮಾನಶಾಸ್ತ್ರ ಮತ್ತು ದೈವಶಾಸ್ತ್ರ' ಎಂಬ ಉಪನ್ಯಾಸ ಕೊಟ್ಟರು. ದೈವಶಾಸ್ತ್ರವು ತತ್ತ್ವಶಾಸ್ತ್ರಕ್ಕಿಂತ ರಸಾಯನಶಾಸ್ತ್ರ, ಗಣಿತಗಳಿಗೇ ಹತ್ತಿರ ಎಂಬುದು ಅಲ್ಲಿನ ವಾದ. 'ಪಾಪ' ನಂಬಿಕೆಯೊಳಗಿನ ಪರಿಕಲ್ಪನೆ. ತತ್ತ್ವಶಾಸ್ತ್ರದ 'ತಪ್ಪಿತಸ್ಥತೆ' ಅದನ್ನು ತಿದ್ದಬಹುದೇ ಹೊರತು ಹುಟ್ಟಿಸಲಾರದು. ಈ ಗಡಿಯನ್ನು ಬುಲ್ಟ್‌ಮನ್ 1941ರ ಪುರಾಣವಿಮೋಚನೆಯ (ಬೈಬಲಿನ ಪುರಾಣದ ಭಾಷೆಯನ್ನು ಅಸ್ತಿತ್ವದ ಅರ್ಥದಲ್ಲಿ ಬಿಡಿಸುವುದು) ಪ್ರಬಂಧದಲ್ಲಿ ಪಾಲಿಸಿದರೇ, ದಾಟಿದರೇ? ಒಂದು ಪಿಎಚ್‌ಡಿ ಮಹಾಪ್ರಬಂಧಕ್ಕೆ ಇಷ್ಟೇ ಧಾರಾಳ. ಹೈಡೆಗರ್‌ನ ಮುಖ್ಯ ಕೃತಿ 'ಸೈನ್ ಉಂಟ್ ತ್ಸೈಟ್'ನಲ್ಲಿ (ಇರವು ಮತ್ತು ಕಾಲ) ಈ ತಪ್ಪಿತಸ್ಥತೆಯನ್ನು ಚರ್ಚಿಸುವ 58ನೆಯ ವಿಭಾಗದಿಂದ ಓದು ಶುರುಮಾಡಿ.

ಜರ್ಮನ್ ಬೇಕೇ ಬೇಕು. ಮಾತಾಡಲು ಬಾರದಿದ್ದರೂ ಪದಕೋಶ ಹಿಡಿದು ಒಂದು ಪುಟವನ್ನು ಬಿಡಿಸುವಷ್ಟಾದರೂ. ಆ ಪುಸ್ತಕಕ್ಕೆ ಮ್ಯಾಕ್ವಾರಿ ಮತ್ತು ರಾಬಿನ್ಸನ್ ಮಾಡಿದ 1962ರ ಇಂಗ್ಲಿಷ್ ಅನುವಾದದ ಅಂಚಿನಲ್ಲಿ ಮೂಲದ ಪುಟಸಂಖ್ಯೆಗಳಿವೆ. ಉಲ್ಲೇಖಕ್ಕೆ ಅವನ್ನೇ ಕೊಡಿ, ಯಾವ ಆವೃತ್ತಿ ಹಿಡಿದವರಿಗೂ ಜಾಗ ಸಿಗುತ್ತದೆ.

ಉತ್ತರ 3:
ಅಸ್ತಿತ್ವವಾದದ ಮೂಲಪುರುಷ ಎನಿಸಿದ ಡೆನ್ಮಾರ್ಕಿನ ಚಿಂತಕ ಕೀರ್ಕೆಗಾರ್ಡ್ ಕಡೆ ಹೊರಳುವುದಾದರೆ, ಅವನು ಹಲವು ಪುಸ್ತಕಗಳನ್ನು ಬರೆದ ಗುಪ್ತನಾಮಗಳನ್ನು ಕಡೆಗಣಿಸಬೇಡಿ. ಆ ಪುಸ್ತಕಗಳ ಮಾತುಗಳನ್ನು ಆಯಾ ಗುಪ್ತನಾಮದ ಹೆಸರಿನಲ್ಲೇ ಉಲ್ಲೇಖಿಸಿ ಎಂದು ಅವನೇ 1846ರಲ್ಲಿ ಕೇಳಿಕೊಂಡಿದ್ದಾನೆ. 'ಕೀರ್ಕೆಗಾರ್ಡ್ ಹೀಗೆನ್ನುತ್ತಾನೆ' ಎಂದು ಕ್ಲೈಮಾಕಸ್‌ನ (ಅವನ ಒಂದು ಗುಪ್ತನಾಮ) ವಾಕ್ಯ ಕೊಟ್ಟರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ. ಡೇನಿಷ್ ಮೂಲದ ವಿಮರ್ಶಾತ್ಮಕ ಆವೃತ್ತಿ, 55 ಸಂಪುಟಗಳದ್ದು, ಅಂತರ್ಜಾಲದಲ್ಲಿ ಉಚಿತವಾಗಿದೆ.