ವೆಂಟಿಲೇಟರ್ ಹಾಕಿದರೆ ಆಸೆ ಬಿಡಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 68 ವರ್ಷ. ನ್ಯುಮೋನಿಯಾ ಆಗಿ ಐಸಿಯು ಸೇರಿ ಇವತ್ತಿಗೆ ನಾಲ್ಕು ದಿನ. ವೆಂಟಿಲೇಟರ್ ಮೇಲಿದ್ದಾರೆ. ಕೇಳಿದಾಗಲೆಲ್ಲ "48 ಗಂಟೆ ನೋಡೋಣ" ಅನ್ನುತ್ತಾರೆ. ನೆಂಟರು ಆಗಲೇ ಅಳುತ್ತಿದ್ದಾರೆ. ಉಳಿಯುತ್ತಾರಾ?

ಉತ್ತರ (ಐಸಿಯು ವೈದ್ಯೆ): ನೋಡದೆ ಹೇಳಲಾರೆ. ಆದರೆ ವೆಂಟಿಲೇಟರ್ ಅಂದ ತಕ್ಷಣ ಮುಗಿಯಿತು ಅಂತಲ್ಲ. ಶ್ವಾಸಕೋಶ ಸುಧಾರಿಸುವ ತನಕ ಉಸಿರಾಟದ ಭಾರ ಹೊರುವ ಯಂತ್ರ ಅದು, ಅಷ್ಟೇ.

ನಾವು ಮೊದಲು ನೋಡುವುದು ಎಷ್ಟು ಅಂಗಗಳು ಕೈಕೊಟ್ಟಿವೆ ಅನ್ನುವುದನ್ನು. ಅದಕ್ಕೆ ಸೋಫಾ ಸ್ಕೋರ್ ಅಂತಿದೆ (ಕೂರುವ ಸೋಫಾ ಅಲ್ಲ!). ಶ್ವಾಸಕೋಶ, ರಕ್ತದೊತ್ತಡ, ಕಿಡ್ನಿ, ಲಿವರ್, ಮೆದುಳು, ಪ್ಲೇಟ್‌ಲೆಟ್. ಒಂದೊಂದಕ್ಕೆ 0ರಿಂದ 4 ಅಂಕ, ಒಟ್ಟು 24. ಇಲ್ಲಿ ಅಂಕ ಜಾಸ್ತಿ ಬಂದಷ್ಟೂ ಕಷ್ಟ. ಒಂದು ದಿನದ ಅಂಕಕ್ಕಿಂತ ಅದು ಏರುತ್ತಿದೆಯಾ, ಇಳಿಯುತ್ತಿದೆಯಾ ಅನ್ನುವುದು ಮುಖ್ಯ. 48 ಗಂಟೆ ಕೇಳುವುದು ಅದಕ್ಕೇ. ಸುಮ್ನೆ ದಿನ ತಳ್ಳುವ ಮಾತಲ್ಲ. ಆದರೆ ಅದನ್ನು ನಿಮಗೆ ಬಿಡಿಸಿ ಹೇಳಬೇಕಿತ್ತು, ಅಲ್ವಾ?

ಬರೀ ವಯಸ್ಸು ನೋಡಿ ಏನೂ ಹೇಳುವುದಿಲ್ಲ. ಹಾಸಿಗೆ ಹಿಡಿಯುವ ಮುಂಚೆ ಹೇಗಿದ್ದರು? ಸ್ನಾನಕ್ಕೆ ಆಸರೆ ಬೇಕಿತ್ತಾ?

ಪ್ರಶ್ನೆ: ಇಲ್ಲ ಮೇಡಂ, ದಿನಾ ಬೆಳಗ್ಗೆ ಹಾಲು ತರುತ್ತಿದ್ದುದೇ ಅವರು. ಶುಗರ್ ಇದೆ. ಈಗ ಬಿಪಿ ಇಳಿದಿದೆ ಅಂತ ಸಿರಿಂಜ್ ಪಂಪ್‌ನಲ್ಲಿ ಏನೋ ಕೊಡುತ್ತಿದ್ದಾರೆ.

ಉತ್ತರ: ಓಡಾಡಿಕೊಂಡಿದ್ದರು ಅನ್ನುವುದು ದೊಡ್ಡ ಆಸರೆ. ಪಂಪ್‌ನಲ್ಲಿರುವುದು ಬಹುಶಃ ನಾರ್‌ಅಡ್ರಿನಲಿನ್, ಬಿಪಿ ಏರಿಸುವ ಔಷಧಿ. ಮುಚ್ಚಿಡುವುದಿಲ್ಲ: ಸೋಂಕಿನಿಂದ ಬಿಪಿ ಬಿದ್ದು, ಸಲೈನ್ ಕೊಟ್ಟ ಮೇಲೂ ಈ ಔಷಧಿ ಬೇಕಾಗಿ, ರಕ್ತದ ಲ್ಯಾಕ್ಟೇಟ್ (ಅಂಗಗಳಿಗೆ ಆಮ್ಲಜನಕ ಸಾಲದಾಗ ಏರುವ ಅಂಶ) 2ಕ್ಕಿಂತ ಮೇಲಿದ್ದರೆ 100ರಲ್ಲಿ 40ಕ್ಕೂ ಹೆಚ್ಚು ಜನ ಉಳಿಯುವುದಿಲ್ಲ. ಲ್ಯಾಕ್ಟೇಟ್ ಎಷ್ಟು ಅಂತ ಕೇಳಿ. ಪಂಪ್ ವೇಗ ನಿನ್ನೆಗಿಂತ ಇಳಿಸಿದ್ದಾರಾ ಕೇಳಿ. ವೆಂಟಿಲೇಟರ್‌ನಲ್ಲಿ ಆಮ್ಲಜನಕ ಎಷ್ಟು ಪರ್ಸೆಂಟ್ ಅಂತಲೂ ಕೇಳಿ. ನಾವು ಉಸಿರಾಡುವ ಗಾಳಿಯಲ್ಲಿ ಅದು 21; ಯಂತ್ರದ್ದು ಅದರ ಹತ್ತಿರಕ್ಕೆ ಇಳಿದಷ್ಟೂ ಒಳ್ಳೆಯದು. ಹಾಸಿಗೆ ಪಕ್ಕ ನೇತಾಡುವ ಮೂತ್ರದ ಚೀಲವನ್ನು ನೀವೇ ನೋಡಬಹುದು. 60 ಕೆಜಿ ಮನುಷ್ಯನಿಗೆ ಗಂಟೆಗೆ 30 ಎಂಎಲ್ ಆದರೂ ಬರಬೇಕು.

ಪ್ರಶ್ನೆ (ಮರುದಿನ): ಆಮ್ಲಜನಕ 70 ಇದ್ದದ್ದು 55ಕ್ಕೆ ಬಂದಿದೆ. ಲ್ಯಾಕ್ಟೇಟ್ 1.8. ಚೀಲ ಅರ್ಧ ತುಂಬಿತ್ತು. ಪಂಪ್ ಮಾತ್ರ ನಿನ್ನೆಯಷ್ಟೇ ಇದೆ.

ಉತ್ತರ: ಪರವಾಗಿಲ್ಲ, ಒಳ್ಳೇ ದಿಕ್ಕಿನಲ್ಲಿದೆ. ಕಂಟಕ ಇನ್ನೂ ಕಳೆದಿಲ್ಲ. ನಾಳೆಯೂ ಇವನ್ನೇ ಕೇಳಿ. ಇವತ್ತು ರಾತ್ರಿ ನೀವು ಸ್ವಲ್ಪ ಊಟ ಮಾಡಿ ಮಲಗಿ.