ಅಪ್‌ಡೇಟ್: ಅಜ್ಜಿ ಕೊನೆಗೂ ಮಾತಾಡಿದರು

ಹತ್ತು ದಿನದ ಹಿಂದೆ ಕೇಳಿದ್ದೆ: ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರು ಮುಳುಗಿದ ಕಥೆಯನ್ನು ಅಜ್ಜಿಯ ಬಾಯಲ್ಲೇ ರೆಕಾರ್ಡ್ ಮಾಡಬೇಕು, ಆದರೆ ಫೋನ್ ಹಿಡಿದ ಕೂಡಲೇ ಅವರು ಸುಮ್ಮನಾಗುತ್ತಾರೆ, ಏನು ಮಾಡಲಿ ಅಂತ.

ಪ್ರಶ್ನೆಗಳ ಪಟ್ಟಿ ಕೆಲಸಕ್ಕೆ ಬರಲಿಲ್ಲ. "ಹೌದು", "ಮರೆತುಹೋಯ್ತು", ಅಷ್ಟೇ ಉತ್ತರ. ಕಾಲರ್ ಮೈಕ್ ಸಿಕ್ಕಿಸಿದರೆ ಇನ್ನೂ ಮುದುಡಿದರು.

ಫಲ ಕೊಟ್ಟದ್ದು "ಕೈಗೆ ಕೆಲಸ ಕೊಡಿ, ಅವರ ತಂಗಿಯನ್ನೂ ಜೊತೆಗೆ ಕೂರಿಸಿ" ಅಂದವರ ಸಲಹೆ. ಇಬ್ಬರೂ ಬಾಳೆನಾರಿನಲ್ಲಿ ಹೂ ಕಟ್ಟುತ್ತಾ ಕೂತರು. ರೆಕಾರ್ಡ್ ಮಾಡ್ತೀನಿ ಅಂತ ಹೇಳಿ, ಫೋನನ್ನು ಹೂವಿನ ಬುಟ್ಟಿ ಪಕ್ಕ ಇಟ್ಟೆ. ಕೇಳಿದ್ದು ಒಂದೇ: "ಹೊರಡುವ ದಿನ ಏನೇನು ತಗೊಂಡ್ರಿ?"

ಬಾಗಿಲುಗಳನ್ನು ದಾರಂದದ ಸಮೇತ ಕಿತ್ತು ಲಾರಿಗೆ ಹಾಕಿದರಂತೆ. ಒಲೆ ತರಲಾಗಲಿಲ್ಲ. ಹೊರಡುವ ಬೆಳಿಗ್ಗೆ ಅಜ್ಜಿ ಅದನ್ನು ಸಗಣಿ ಹಾಕಿ ಸಾರಿಸಿ, ರಂಗೋಲಿ ಎಳೆದು ಬಂದರಂತೆ. ಮುಳುಗುತ್ತೆ ಅಂತ ಗೊತ್ತಿದ್ದೂ! ಇದು ಅಮ್ಮನಿಗೂ ಗೊತ್ತಿರಲಿಲ್ಲ. ಅಣೆಕಟ್ಟು ಮುಗಿದ 1964ರಲ್ಲಿ ಅಮ್ಮ ಇನ್ನೂ ಕಂಕುಳ ಕೂಸು.

ಇನ್ನೊಂದು ಮಾತು. ಅಜ್ಜಿ ನಿಲ್ಲಿಸಿದಾಗ ತಕ್ಷಣ ಮುಂದಿನ ಪ್ರಶ್ನೆ ಹಾಕಬೇಡಿ. ಒಲೆಯ ವಿಷಯ ಬಂದದ್ದು ಅಂಥ ಒಂದು ಉದ್ದದ ಮೌನದ ನಂತರವೇ. ಫ್ಯಾನ್ ಆಫ್ ಮಾಡಿ, ಫೋನ್ ಏರೋಪ್ಲೇನ್ ಮೋಡ್‌ನಲ್ಲಿಡಿ. ನಮ್ಮ ಮೊದಲ ರೆಕಾರ್ಡಿಂಗ್ ಒಂದು ಕರೆ ಬಂದು ಅರ್ಧಕ್ಕೇ ನಿಂತಿತ್ತು.

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಂದಿನ ವಾರ ದೊಡ್ಡಪ್ಪನ ಸರದಿ.